ಮನವಿ ಕೊಡಲು ಹೋಗಿ ಸಮಾಧಾನ ಹೇಳಿ ಬಂದೆವು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗಿಯರು ಆಗಾಗ ನನ್ನನ್ನು ಹುಡುಕಿಕೊಂಡು ಸಿಂದಗಿಗೆ ಬರುತ್ತಾರೆ. ಸಮಾಜಕಾರ್ಯದಲ್ಲಿ ಪದವಿ ಮುಗಿಸಿರುತ್ತಾರೆ, ಹೆಗಲಲ್ಲಿ ಬ್ಯಾಗು, ಕಣ್ಣಲ್ಲಿ ಹುರುಪು. "ಆಪಾ, ಹಳ್ಳಿ ತಿರಗಾಕ ಸ್ಕೂಟಿ ಬೇಕಾಗ್ತೈತೇನ್ರಿ?" ಎಂದು ಕೇಳುತ್ತಾರೆ. "ಗಂಡಸರು ಬೈದ್ರ ಏನ್ ಮಾಡಬೇಕ್ರಿ?" ಎನ್ನುತ್ತಾರೆ. ಸಂಬಳದ ಮಾತನ್ನು ಮಾತ್ರ ಒಬ್ಬರೂ ಎತ್ತುವುದಿಲ್ಲ. ಎತ್ತಿದರೆ ಈ ಮುದುಕಿ ಏನೆಂದುಕೊಂಡಾಳೋ ಎಂಬ ಸಂಕೋಚ. ಆ ಸಂಕೋಚಕ್ಕೆ ಬೆಂಕಿ ಬೀಳಲಿ! ನಮ್ಮನ್ನು ಹಾಳು ಮಾಡಿದ್ದೇ ಅದು. ಬಂದವರಿಗೆಲ್ಲ ಬಾಯಿಂದ ಹೇಳಿ ಹೇಳಿ ಸಾಕಾಯಿತು, ಹಾಗಾಗಿ ಬರೆದಿಡುತ್ತಿದ್ದೇನೆ.

ನನ್ನ ಹೆಸರು ಜೈಬುನ್. ನೊಂದ ಹೆಂಗಸರಿಗೆ ನೆರವು ಕೊಡುವ ಕೇಂದ್ರದಲ್ಲಿ ಆಯುಷ್ಯದ ಮುಕ್ಕಾಲು ಪಾಲು ಕಳೆದೆ. ದುಡ್ಡು ಸರ್ಕಾರದ್ದು, ನಡೆಸುವುದು ಒಂದು ಸಂಸ್ಥೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ನಾಲ್ಕೂ ಕಡೆ ಒಂದೊಂದು ಕೇಂದ್ರ. ನಮ್ಮದು ಸಿಂದಗಿಯದು, ಎರಡು ಖೋಲಿ, ಒಂದು ಫ್ಯಾನು. ಕುಡಿದು ಬಡಿಯುವ ಗಂಡ, ಹೊರಗೆ ಹಾಕಿದ ಅತ್ತೆ, ಶಾಲೆ ಬಿಡಿಸಿ ಮದುವೆಗೆ ಕೂರಿಸಿದ ಅಪ್ಪ, ಇವರ ದೆಸೆಯಿಂದ ಓಡಿ ಬಂದವರೆಲ್ಲ ನಮ್ಮ ಬಾಗಿಲಿಗೆ ಬರುತ್ತಿದ್ದರು. ನಾವು ಎರಡೂ ಕಡೆಯವರನ್ನು ಕರೆಸಿ, ಕೂರಿಸಿ, ಮಾತಾಡಿಸಿ, ಆಗುವಂತಿದ್ದರೆ ರಾಜಿ ಮಾಡಿಸುತ್ತಿದ್ದೆವು. ಆಗದಿದ್ದರೆ ಪೊಲೀಸು, ಕೋರ್ಟು. ನಮಗೆ ಬರುತ್ತಿದ್ದದ್ದಕ್ಕೆ ಸಂಬಳ ಎನ್ನುವಂತಿರಲಿಲ್ಲ, ಗೌರವಧನ ಎನ್ನಬೇಕು. ಅದೂ ಅವರಿಗೆ ನೆನಪಾದಾಗ.

ಸಂಸ್ಥೆಯ ಕಾರ್ಯದರ್ಶಿಗಳು ಹೈಸ್ಕೂಲು ಹೆಡ್ಮಾಸ್ತರರಾಗಿ ನಿವೃತ್ತರಾದವರು, ಪೂರ್ತಿ ಪೆನ್ಶನ್ ಬರುತ್ತಿತ್ತು. ಗೌರವಧನ ತಡವಾಯಿತೆಂದು ಕೇಳಿದಾಗಲೆಲ್ಲ ಅವರದು ಒಂದೇ ಮಾತು. "ಜೈಬುನ್‌ಬಾಯಿ, ಇದು ನೌಕರಿ ಅಲ್ಲವ್ವಾ, ಸೇವಾ."

"ಸರ, ಸೇವಾ ಅಂದ್ರ ಕಿರಾಣಿ ಅಂಗಡ್ಯಾಂವ ಎಣ್ಣಿ ಕೊಡಂಗಿಲ್ರಿ" ಎನ್ನುತ್ತಿದ್ದೆ ನಾನು. ಅವರು ನಗುತ್ತಿದ್ದರು. ನನ್ನನ್ನು ಬಾಯಿಬಡಕಿ ಎಂದು ಬದಿಗಿಟ್ಟಿದ್ದರು ಅಷ್ಟೆ.

ಕೆಲಸ ನನಗೆ ಯಾರೂ ಕಲಿಸಿಕೊಡಲಿಲ್ಲ. ಎಡವಿ ಕಲಿತೆ. ಮೊದಮೊದಲು ಹೊರ್ತಿ ಹಳ್ಳಿಯ ಒಬ್ಬ ಸೊಸೆ ನಮಗೆ ದೂರು ಕಳಿಸಿದಳು, ಗಂಡ ಬಾರುಕೋಲಿನಿಂದ ಹೊಡೆಯುತ್ತಾನೆ ಅಂತ. ಹೋದೆ. ದೊಡ್ಡ ಮನೆ, ದೊಡ್ಡ ಮಂದಿ. ಹೋದೊಡನೆ ಕಾಲಿಗೆ ನೀರು ಕೊಟ್ಟರು, ಚಾಪೆ ಹಾಸಿದರು, "ಮೊದಲ ಊಟ, ಆಮ್ಯಾಲ ಮಾತು" ಅಂದರು. ಬಿಸಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ. ಬೆಳಗಿನಿಂದ ಉಪವಾಸ ಇದ್ದೆ, ಕುಂತು ಉಂಡೆ. ಬಡಿಸಿದವಳು ಮತ್ತಾರೂ ಅಲ್ಲ, ದೂರು ಕಳಿಸಿದ ಆ ಸೊಸೆಯೇ. ಊಟವಾದ ಮೇಲೆ ಅವಳನ್ನು ಬದಿಗೆ ಕರೆದು ಏನು ಕೇಳಿದರೂ "ಎಲ್ಲಾ ಚಲೋ ಐತ್ರಿ" ಎಂದಳೇ ಹೊರತು ಬೇರೆ ಬಾಯಿ ಬಿಡಲಿಲ್ಲ. ಆ ಮನೆಯ ರೊಟ್ಟಿ ತಿಂದವಳು ತನ್ನ ಪರ ನಿಲ್ಲುತ್ತಾಳೆಂದು ಅವಳಾದರೂ ಹೇಗೆ ನಂಬಬೇಕು? ಅಂದಿನಿಂದ ನಾಲ್ಕೂ ಕೇಂದ್ರದವರು ಕಟ್ಟು ಮಾಡಿಕೊಂಡೆವು: ಎದುರಿನ ಪಾರ್ಟಿಯ ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟಕೂಡದು.

ಇನ್ನೊಂದು ಕಟ್ಟು, ನಮ್ಮಲ್ಲಿಗೆ ಬಂದುಹೋದ ಹೆಂಗಸು ಸಂತೆಯಲ್ಲೋ ಬಸ್ ಸ್ಟ್ಯಾಂಡಿನಲ್ಲೋ ಎದುರಾದರೆ ನಾವಾಗಿ ಮಾತಾಡಿಸಬಾರದು. ಅವಳ ಜೊತೆ ಯಾರಿರುತ್ತಾರೋ, ಏನು ಸಂಶಯ ಬರುತ್ತದೋ. ಅವಳು ನಕ್ಕರೆ ನಾವು ನಗಬೇಕು, ಇಲ್ಲದಿದ್ದರೆ ಕಂಡೂ ಕಾಣದ ಹಾಗೆ ಹೋಗಬೇಕು. ಮೂರನೆಯ ಕಟ್ಟು ಎಲ್ಲಕ್ಕಿಂತ ದೊಡ್ಡದು. ಎದುರಿಗೆ ಕುಂತವರು ಯಾರೇ ಇರಲಿ, ಬಡಿತ ತಿಂದವಳಿರಲಿ, ಬಡಿದವನಿರಲಿ, ಅವರ ಮಾತು ನಡುವೆ ಮುರಿಯಬಾರದು. ಪೂರ್ತಿ ಕೇಳಬೇಕು. ಇದರಲ್ಲಿ ಇಂಡಿ ಕೇಂದ್ರದ ಪದ್ಮಕ್ಕನನ್ನು ಮೀರಿಸುವವರಿರಲಿಲ್ಲ. ಕುರ್ಚಿ ಸ್ವಲ್ಪ ಮುಂದಕ್ಕೆಳೆದು, ತಲೆ ಒಂದು ಕಡೆ ವಾಲಿಸಿ, "ಯಾವಾಗಿಂದ್ರಿ?" ಎಂದು ಕೇಳಿದಳೆಂದರೆ ಎಂಥ ಗಂಡಸೂ ಗಳಗಳ ಅಳುತ್ತಿದ್ದ. ಅರ್ಧ ರಾಜಿ ಅಲ್ಲಿಗೇ ಆದ ಹಾಗೆ.

ಈಗ ಕಸ್ತೂರಿಯ ವಿಷಯಕ್ಕೆ ಬರುತ್ತೇನೆ. ಬರೆಯಲು ಕೂತದ್ದೇ ಅವಳ ಸಲುವಾಗಿ.

ಕಸ್ತೂರಿ ನಮ್ಮಲ್ಲಿಗೆ ಮೊದಲು ಬಂದದ್ದು ಕೆಲಸ ಕೇಳಿಕೊಂಡಲ್ಲ. ಮುದ್ದೇಬಿಹಾಳದಲ್ಲಿ ಅವಳ ಗಂಡ ಟಂಟಂ ಗಾಡಿ ಓಡಿಸುತ್ತಿದ್ದ. ಅಲ್ಲಿಯೂ ನಮ್ಮ ಕೇಂದ್ರವಿತ್ತು, ಆದರೆ ಅವನ ಕಣ್ಣು ತಪ್ಪಿಸಿ ದೂರ ಹೋಗಬೇಕೆಂದು ಸಿಂದಗಿಯ ಬಸ್ಸು ಹತ್ತಿ ಬಂದಿದ್ದಳು. ಬಗಲಲ್ಲಿ ಸಣ್ಣ ಮಗಳು, ಕಸ್ತೂರಿಯ ಒಂದು ಕಣ್ಣು ಬಾತು ಮುಚ್ಚಿಹೋಗಿತ್ತು. ಅಣ್ಣಂದಿರು ಗಂಡನ ಮನೆ ಬಿಟ್ಟು ಬಂದವಳಿಗೆ ಇಲ್ಲಿ ಜಾಗವಿಲ್ಲ ಎಂದು ಬಾಗಿಲು ಹಾಕಿದ್ದರು. ಬಿ.ಎ. ಓದಿದ್ದಳು, ಮಾತು ಚುರುಕು. ಆಶ್ರಯಧಾಮದಲ್ಲಿಟ್ಟೆವು, ನಮ್ಮ ಜೊತೆ ತಿರುಗಾಡಿಸಿದೆವು, ಒಂದು ಜಾಗ ಖಾಲಿಯಾದಾಗ ಕೆಲಸಕ್ಕೆ ತೆಗೆದುಕೊಂಡೆವು. ಬಸ್ ಸ್ಟ್ಯಾಂಡಿನ ಹಿಂದೆ ಒಂದು ರೂಮು ಹಿಡಿದಳು. ತನ್ನ ಹೆಸರಲ್ಲಿ ಹಿಡಿದ ರೂಮು. ಅದರ ಕೀಲಿಕೈಯನ್ನು ಕಪ್ಪು ದಾರಕ್ಕೆ ಪೋಣಿಸಿ ಕೊರಳಿಗೆ ಹಾಕಿಕೊಂಡು ಬಂದು ತೋರಿಸಿದಳು.

"ನೋಡ್ರಿ ಆಪಾ, ನನ್ನ ತಾಳಿ!"

ಎಷ್ಟು ನಕ್ಕೆವು ಅಂದು! ಹೊಸದಾಗಿ ಬಂದ ಹೆಂಗಸರಿಗೆ ನಾನು ಒಂದು ಗಂಟೆ ತಿಳಿಹೇಳುವ ಬದಲು ಕಸ್ತೂರಿಯನ್ನು ತೋರಿಸಿ "ಈಕೀನ ನೋಡು" ಎಂದರೆ ಸಾಕಿತ್ತು.

ಅಷ್ಟರಲ್ಲಿ ಕೆಲಸದ ರೀತಿ ಬದಲಾಯಿತು. ಮೊದಲು ಎಲ್ಲ ಬರೆದಿಡುತ್ತಿದ್ದೆವು, ಬೀರುವಿಗೆ ಬೀಗ ಹಾಕುತ್ತಿದ್ದೆವು. ಈಗ ಮೊಬೈಲಿನಲ್ಲಿ ಸರ್ಕಾರದ ಆ್ಯಪ್ ಬಂತು. ಬಂದ ಹೆಂಗಸಿನ ಮುಖದ ಫೋಟೋ ತೆಗೆದು ಏರಿಸಬೇಕು, ರಾಜಿಯಾದ ಮೇಲೆ ಗಂಡಹೆಂಡಿರನ್ನು ಜೋಡಿ ನಿಲ್ಲಿಸಿ ಇನ್ನೊಂದು ಏರಿಸಬೇಕು. ಫೋಟೋ ಇಲ್ಲದಿದ್ದರೆ ಕೇಂದ್ರ ಕೆಲಸವನ್ನೇ ಮಾಡಿಲ್ಲ ಎಂದು ಲೆಕ್ಕ. ತುಟಿ ಒಡೆದು ಬಂದವಳ ಮುಂದೆ ಮೊಬೈಲ್ ಹಿಡಿದು "ಒಂದೀಟು ಈ ಕಡೆ ನೋಡವ್ವಾ" ಎನ್ನಬೇಕೆ? ಮೊದಲು ಒಲ್ಲೆ ಎಂದವಳು ಕಸ್ತೂರಿ. "ನಾ ಬಂದ ದಿನ ನೀವು ನನ್ನ ಫೋಟೋ ತಗದಿದ್ರ ನಾ ಅವತ್ತ ಹೊಳ್ಳಿ ಹೋಗಿರ್ತಿದ್ದೆ ಆಪಾ" ಅಂದಳು. ನಾಲ್ಕೂ ತಾಲೂಕಿನವರು ಅವಳ ಜೊತೆ ನಿಂತೆವು. ಗೌರವಧನ ನಿಂತಿತು. ಯುಗಾದಿಗೆ ನಿಂತದ್ದು ದೀಪಾವಳಿ ದಾಟಿದರೂ ಬರಲಿಲ್ಲ.

ನಮಗೆಲ್ಲ ಹೇಗೋ ನಡೆಯಿತು. ನನ್ನ ಮಗನ ಗ್ಯಾರೇಜಿತ್ತು, ಪದ್ಮಕ್ಕನ ಗಂಡ ಮಾಸ್ತರ. ಕಸ್ತೂರಿಗೆ ಯಾರಿದ್ದರು? ರೂಮಿನ ಮಾಲೀಕ ಕೆಟ್ಟವನಲ್ಲ, ಶ್ರಾವಣದ ತನಕ ಸುಮ್ಮನಿದ್ದ. ಆಮೇಲೆ ಹಬ್ಬಕ್ಕೆ ಅಂತ ಗಡುವು ಕೊಟ್ಟ, ಅದೂ ದಾಟಿತು. ಅತ್ತ ಗಂಡನಿಗೆ ಹೇಗೋ ವಾಸನೆ ಹತ್ತಿ ಫೋನು ಶುರು ಮಾಡಿದ್ದ. ಕುಡಿಯುವುದು ಬಿಟ್ಟಿದ್ದೇನೆ, ಮಗಳು ಬೇಕು, ಬಾ, ಎಲ್ಲ ಮರೆಯೋಣ. ಇಂಥ ಫೋನುಗಳ ಅರ್ಥ ಏನೆಂದು ಕಸ್ತೂರಿಯೇ ಎಷ್ಟೋ ಜನರಿಗೆ ಬಿಡಿಸಿ ಹೇಳಿದವಳು. ನಮ್ಮ ಮನೆಗೆ ಬಂದುಬಿಡು ಎಂದೆ. "ನಿಮ್ಮ ಮನ್ಯಾಗ ಕಾಲ ಚಾಚಾಕ ಜಾಗಾ ಇಲ್ಲ. ಮ್ಯಾಲ ಅಂವಾ ಅಲ್ಲಿಗೂ ಬಂದು ಗದ್ದಲಾ ಮಾಡ್ತಾನ, ನಿಮ್ಮ ಸೊಸಿ ಏನ್ ಪಾಪಾ ಮಾಡ್ಯಾಳ?" ಅಂದಳು. ಮಾತು ಖರೆ ಇತ್ತು. ಆಶ್ರಯಧಾಮದಲ್ಲಿ ಒಂದು ಸಲ ಇದ್ದು ಹೋದವರನ್ನು ಮತ್ತೆ ಇಟ್ಟುಕೊಳ್ಳುತ್ತಿರಲಿಲ್ಲ. ಬೇರೆ ಕೆಲಸ ಹುಡುಕಿದಳು, ಬಟ್ಟೆ ಅಂಗಡಿಯಲ್ಲಿ ಕೊಡುವುದು ಮಗಳ ಶಾಲೆಯ ಆಟೋಕ್ಕೂ ಸಾಲುತ್ತಿರಲಿಲ್ಲ.

ಹಾಗಿರುವಾಗ ಕಾರ್ಮಿಕ ಸಂಘದವರು ವಿಜಯಪುರದಲ್ಲಿ ಮೆರವಣಿಗೆ ಇಟ್ಟರು. ಬಿಸಿಯೂಟದವರು, ಅಂಗನವಾಡಿಯವರು, ಪಂಚಾಯ್ತಿಯ ನೀರು ಬಿಡುವವರು ಎಲ್ಲ ಸೇರಿ ಸರಿಯಾದ ವೇತನ ಕೇಳುವುದು. ನಮ್ಮನ್ನೂ ಕರೆದರು. ಕಾರ್ಯದರ್ಶಿಗಳಿಗೆ ಸಿಟ್ಟು ನೆತ್ತಿಗೇರಿತು. "ಸಮಾಜಸೇವಕರು ಝಂಡಾ ಹಿಡದು ಬೀದ್ಯಾಗ ನಿಂತ್ರ ಮಂದಿ ಏನಂದಾರು?" ಎಂದರು. ಕಸ್ತೂರಿ ಅವರ ಮುಂದೆಯೇ ನನ್ನ ಕಡೆ ತಿರುಗಿ ಹೇಳಿದಳು:

"ಆಪಾ, ಹೋಗೂಣು. ತಾರೀಖು ಒಂದು ತಗೊಂಡು ಬರೂಣು. ಇಂಥಾ ದಿನ ರೊಕ್ಕಾ ಬರ್ತೈತಿ ಅಂತ ಕಾಗದದಾಗ ಇದ್ರ ಮಾಲಕ ತಡೀತಾನ, ಕೇಳೇನಿ. ಇಲ್ಲಂದ್ರ ನಾ ಮುದ್ದೇಬಿಹಾಳ ಬಸ್ ಹತ್ತೂದ."

ಹೋದೆವು. ಅಲ್ಲಿ ನಮ್ಮ ಫಜೀತಿ ಏನು ಹೇಳಲಿ! ಘೋಷಣೆ ಕೂಗಲು ನಮಗೆ ಬರುತ್ತಿರಲಿಲ್ಲ. ಜೀವಮಾನವೆಲ್ಲ ಬಾಗಿಲು ಮುಚ್ಚಿಕೊಂಡು ಸಣ್ಣ ದನಿಯಲ್ಲಿ ಮಾತಾಡಿದವರು ನಾವು. "ಬೇಕೇ ಬೇಕು" ಎಂದು ಮುಂದಿನವರು ಗುಡುಗಿದರೆ "ನ್ಯಾಯ ಬೇಕು" ಎಂದು ನಾವು ಮದುವೆ ಮನೆಯಲ್ಲಿ ಹಾಡು ಹೇಳುವವರ ಹಾಗೆ ನಾಚಿ ನಾಚಿ ಅನ್ನುತ್ತಿದ್ದೆವು. ಟಿವಿಯ ಹುಡುಗ ಒಬ್ಬ ಮೈಕು ಹಿಡಿದು "ನಿಮ್ಮ ಸಮಸ್ಯೆ ಏನ್ರಿ?" ಅಂದ. ನಮ್ಮವಳೊಬ್ಬಳು ರೂಢಿಯಿಂದ "ಅದನ್ನ ಹೊರಗ ಹೇಳಂಗಿಲ್ರಿ" ಎಂದುಬಿಟ್ಟಳು. ತಲೆ ತಲೆ ಚಚ್ಚಿಕೊಂಡೆ.

ನನ್ನ ಪಕ್ಕಕ್ಕೇ ನಡೆಯುತ್ತಿದ್ದ ಬಿಸಿಯೂಟದ ಹೆಂಗಸನ್ನು ನೋಡಿದೊಡನೆ ಗುರುತು ಹಿಡಿದೆ. ಬಸವನ ಬಾಗೇವಾಡಿ ಕಡೆಯವಳು, ಹಿಂದೆ ನಮ್ಮಲ್ಲಿಗೆ ಬಂದವಳು. ಕಟ್ಟು ಮುರಿಯಬಾರದೆಂದು ನೆಟ್ಟಗೆ ಮುಂದೆ ನೋಡಿಕೊಂಡು ನಡೆದೆ. ಸ್ವಲ್ಪ ದೂರ ಹೋದ ಮೇಲೆ ಅವಳೇ ನನ್ನ ಕೈ ಹಿಡಿದಳು. "ಯಾಕ್ರಿ ಆಪಾ, ಗುರ್ತು ಹತ್ತಲಿಲ್ಲೇನು? ಗಟ್ಟಿ ಒದರ್ರಿ! ನನಗ ಹೆದರಬ್ಯಾಡ ಅಂತ ಹೇಳಿದಾಕಿ ನೀವು!" ಎಂದಳು. ನನಗೆ ಕಣ್ಣಲ್ಲಿ ನೀರು ಬಂತು. ಆಮೇಲೆ ಒದರಿದೆ. ಗಂಟಲು ಹರಿಯುವ ಹಾಗೆ ಒದರಿದೆ. ನನ್ನ ಇನ್ನೊಂದು ಕಡೆ ಕಸ್ತೂರಿ, ಅವಳ ದನಿ ನನ್ನದಕ್ಕಿಂತ ಮೇಲೆ.

ಜಿಲ್ಲಾ ಕಚೇರಿಯ ಗೇಟಿನಲ್ಲಿ ಪೊಲೀಸರು ತಡೆದರು. ಒಂದೊಂದು ಗುಂಪಿನಿಂದ ಇಬ್ಬಿಬ್ಬರು ತಮ್ಮ ತಮ್ಮ ಅಧಿಕಾರಿಯ ಹತ್ತಿರ ಹೋಗಿ ಮನವಿ ಕೊಡಬೇಕು, ಉಳಿದವರು ಹೊರಗೆ ಧರಣಿ ಕೂರಬೇಕು ಎಂದಾಯಿತು. ನಮ್ಮಲ್ಲಿ ಹಿರಿಯರೆಂದು ನಾನು ಮತ್ತು ಪದ್ಮಕ್ಕ ಒಳಗೆ ಹೊರಟೆವು. ಕಸ್ತೂರಿ ನೆಲದ ಮೇಲೆ ಕುಂತವಳು ಮುಖ ಎತ್ತಿ, "ತಾರೀಖು ಆಪಾ. ಮತ್ತೇನೂ ಬ್ಯಾಡ" ಎಂದಳು.

ನಮ್ಮ ಇಲಾಖೆಯ ಅಧಿಕಾರಿ ಚಿಕ್ಕ ವಯಸ್ಸಿನವರು, ಮೈಸೂರು ಕಡೆಯವರು. ಎದ್ದು ನಿಂತು ನಮಸ್ಕಾರ ಮಾಡಿದರು, ಕೂರಿಸಿದರು, ಚಹಾ ತರಿಸಿದರು. "ಚಾ ಬ್ಯಾಡ್ರಿ" ಎಂದೆವು ಇಬ್ಬರೂ ಒಮ್ಮೆಲೇ. ಅಷ್ಟಕ್ಕೆ ನಾವು ಬಲು ಗಟ್ಟಿಯೆಂದು ಹೆಮ್ಮೆಪಟ್ಟುಕೊಂಡೆ.

"ಸರ, ಯುಗಾದಿಯಿಂದ ನಮಗ ಪಗಾರ ಇಲ್ಲ. ಯಾವಾಗ ಬರ್ತೈತಿ, ಬರದು ಕೊಡ್ರಿ. ಅದನ್ನ ತಗೊಂಡ ನಾವು ಏಳೂದು" ಎಂದೆ.

"ಕೊಡೋಣ ಮೇಡಂ. ಆದರೆ ನನ್ನ ಪರಿಸ್ಥಿತೀನೂ ನೀವು ಸ್ವಲ್ಪ ಅರ್ಥ ಮಾಡ್ಕೋಬೇಕು. ಈ ಜಿಲ್ಲೆಗೆ ಬಂದಾಗಿಂದ ನಾನು ನೆಮ್ಮದಿಯಾಗಿ ನಿದ್ದೆ ಮಾಡಿಲ್ಲ."

ಇಲ್ಲಿ ಯಾರಾದರೂ ಏನು ಹೇಳಬೇಕು? ಅದು ಆಮೇಲೆ, ಮೊದಲು ತಾರೀಖು ಬರೆಯಿರಿ ಎನ್ನಬೇಕು. ಪದ್ಮಕ್ಕ ಕುರ್ಚಿ ಮುಂದಕ್ಕೆ ಎಳೆದಳು. ತಲೆ ಒಂದು ಕಡೆ ವಾಲಿಸಿದಳು.

"ಯಾವಾಗಿಂದ್ರಿ ಸರ?"

ಮುಗಿಯಿತು! ಹೆಂಡತಿ ತವರಿಗೆ ಹೋದವಳು ಬಂದಿಲ್ಲ. ತಾಯಿಗೆ ಕಾಯಿಲೆ, ನೋಡಲು ರಜೆ ಸಿಗುತ್ತಿಲ್ಲ. ಮೇಲಿನವರು ಮೀಟಿಂಗಿನಲ್ಲಿ ಎಲ್ಲರೆದುರು ಬೈಯುತ್ತಾರೆ. ಫೋಟೋ ಏರಿಸಿ ಎಂದು ಮೇಲಿಂದ ಒತ್ತಡ, ಏರಿಸುವುದಿಲ್ಲ ಎಂದು ಕೆಳಗಿಂದ ನೀವು. ಹೇಳುತ್ತಾ ಹೇಳುತ್ತಾ ಆ ಮನುಷ್ಯನ ದನಿ ಒಡೆಯಿತು. ನಾಟಕವಾಗಿರಲಿಲ್ಲ, ಅಳುವವರನ್ನು ಸಾಕಷ್ಟು ನೋಡಿದ್ದೇನೆ, ಅದು ಖರೆ ಅಳು. ತಾರೀಖು ಕೇಳಬೇಕೆಂದು ಬಾಯಿ ತೆರೆದೆ. ಪದ್ಮಕ್ಕ ನನ್ನ ಮೊಣಕಾಲು ಒತ್ತಿ, "ತಡಿ ಜೈಬುನ್, ಸಾಹೇಬ್ರು ಮಾತಾಡಾಕತ್ತಾರ" ಎಂದಳು. ಮಾತು ನಡುವೆ ಮುರಿಯಬಾರದು. ನಾನು ಬಾಯಿ ಮುಚ್ಚಿದೆ. ಅಷ್ಟೇ ಅಲ್ಲ, ಮೇಜಿನ ಮೇಲಿದ್ದ ನೀರಿನ ಗ್ಲಾಸನ್ನು ಅವರ ಕಡೆ ಸರಿಸಿದೆ. ಕೈ ತಾನಾಗಿಯೇ ಸರಿಸಿತು!

ಆಮೇಲೆ ನಡೆದದ್ದು ನಮ್ಮ ಕೇಂದ್ರದಲ್ಲಿ ದಿನಾ ನಡೆಯುತ್ತಿದ್ದ ರಾಜಿ. ನೀವೂ ಸ್ವಲ್ಪ ಸೋಲಿರಿ, ಅವರೂ ಸ್ವಲ್ಪ ಸೋಲಲಿ. ಅವರು ಮೇಲಕ್ಕೆ ಬರೆಯುತ್ತಾರೆ. ನಾವು ಫೋಟೋ ಏರಿಸುತ್ತೇವೆ, ಮುಖಕ್ಕೆ ಸೆರಗು ಅಡ್ಡ ಹಿಡಿದರೂ ನಡೆಯುತ್ತದೆ. ಹೊರಗೆ ಧರಣಿ ಕುಂತರೆ ಸಾಹೇಬರಿಗೆ ಮೇಲಿನವರಿಂದ ಇನ್ನಷ್ಟು ಬೈಗುಳ, ಹಾಗಾಗಿ ನಮ್ಮವರು ಇವತ್ತಿಗೆ ಎದ್ದುಬಿಡುವುದು. ಹೊರಡುವಾಗ ಪದ್ಮಕ್ಕ, "ಮನಿಯವರಿಗೆ ಒಂದು ಫೋನ್ ಮಾಡ್ರಿ ಸರ, ನೀವ ಮೊದಲ ಮಾಡ್ರಿ, ಸಣ್ಣವರಾಗೂದಿಲ್ಲ" ಎಂದಳು. ಅವರು ಕೈಮುಗಿದು ಬಾಗಿಲ ತನಕ ಬಂದರು. ಮನಸ್ಸು ಹಗುರಾಯಿತು ಮೇಡಂ ಎಂದರು. ಆಗದೆ ಏನು, ಹಗುರಾಗಲೇಬೇಕು.

ಮೆಟ್ಟಿಲು ಇಳಿಯುವಾಗ ನನಗೆ ಗೊತ್ತಾಯಿತು, ಕೈಯಲ್ಲಿ ಕಾಗದವಿಲ್ಲ. "ಪದ್ಮಕ್ಕಾ, ತಾರೀಖು?" ಎಂದೆ. ಹೊಳ್ಳಿ ಹತ್ತಿದೆವು. ಸಾಹೇಬರು ಮೀಟಿಂಗಿಗೆ ಹೋಗಿದ್ದಾರೆ ಎಂದು ಜವಾನ ಹೇಳಿದ.

ಹೊರಗೆ ಕಸ್ತೂರಿ ನಮ್ಮನ್ನು ಕಂಡು ಎದ್ದು ನಿಂತಳು. ಸೀರೆಯ ಧೂಳು ಜಾಡಿಸಿಕೊಂಡಳು.

"ಯಾವಾಗಂತ್ರಿ?"

"ಮ್ಯಾಲ ಬರೀತಾರಂತ ತಂಗಿ" ಎಂದಳು ಪದ್ಮಕ್ಕ. "ಭಾಳ ತ್ರಾಸಿನ್ಯಾಗ ಅದಾರ ಅವರು. ಪಾಪ, ಮನಿಯಾಕಿ ಬಿಟ್ಟು ಹೋಗ್ಯಾಳ."

ಕಸ್ತೂರಿ ಸಿಟ್ಟಿಗೇಳಲಿಲ್ಲ. ಸಿಟ್ಟಿಗೇಳಬೇಕಿತ್ತು, ನಮ್ಮ ಕೆನ್ನೆಗೆ ಎರಡು ಬಿಗಿಯಬೇಕಿತ್ತು. "ಬಾಯಿಮಾತ ನಂಬಿ ಹೊಳ್ಳಿ ಹೋಗಬ್ಯಾಡ್ರಿ ಅಂತ ನಾವ ಅಲ್ರಿ ಎಲ್ಲಾರಿಗೂ ಹೇಳೂದು?" ಎಂದಳು, ಅಷ್ಟೆ. ಚಪ್ಪಲಿ ಹುಡುಕಿ ಹಾಕಿಕೊಂಡಳು.

ಬಿಸಿಯೂಟದವರು ಏಳಲಿಲ್ಲ. ಬಿಸಿಲು ಇಳಿಯುವ ತನಕ ಕುಂತರು, ರೊಟ್ಟಿ ಬುತ್ತಿ ಅಲ್ಲೇ ಬಿಚ್ಚಿದರು, ಬರಹದಲ್ಲಿ ತಾರೀಖು ಪಡೆದೇ ಎದ್ದರು. ಅವರ ಅಧಿಕಾರಿಗೂ ಮನೆಯಲ್ಲಿ ತೊಂದರೆ ಇದ್ದೀತು. ಅವರು ಕೇಳಲಿಲ್ಲ. ಅನ್ನ ಬೇಯಿಸುವವರಿಗೆ ಗೊತ್ತಿದ್ದದ್ದು ನಮಗೆ ಗೊತ್ತಿರಲಿಲ್ಲ. ಮಕ್ಕಳೇ, ನೀವು ಪುಸ್ತಕದಲ್ಲಿ ಓದಿ ಬರುವ ಸಹಾನುಭೂತಿ ಒಳ್ಳೆಯದೇ, ಕೆಲಸ ನಡೆಯುವುದೇ ಅದರಿಂದ. ಆದರೆ ನಿಮ್ಮ ಪಗಾರದ ಮಾತಿಗೆ ಹೋಗುವಾಗ ಅದನ್ನು ಮನೆಯಲ್ಲಿ ಬಿಟ್ಟು ಹೋಗಿರಿ. ಕಣ್ಣೀರು ಹಾಕುವವರು ಹಾಕಲಿ, ನೀವು ಕಾಗದ ಕೇಳಿ.

ಅದೇ ವಾರ ಕಸ್ತೂರಿ ರೂಮು ಬಿಟ್ಟಳು. ನಾನೇ ಬಸ್ಸಿನ ತನಕ ಹೋದೆ. ಮಗಳು ಕಿಟಕಿಯ ಪಕ್ಕ ಕುಂತು ನನ್ನ ಕಡೆ ನೋಡಲೇ ಇಲ್ಲ. "ಏನರ ಆದ್ರ ಫೋನ್ ಮಾಡು" ಎಂದೆ. ಎಷ್ಟು ಜನರಿಗೆ ಹೇಳಿದ ಮಾತು. "ಹೂಂ ಆಪಾ" ಎಂದಳು. ಗೌರವಧನ ಸಂಕ್ರಾಂತಿ ಕಳೆದ ಮೇಲೆ ಬಂತು, ಅದೂ ನಾವು ಎರಡನೆಯ ಸಲ ಹೋಗಿ, ನಮ್ಮ ಬೆಂಬಲಕ್ಕೆ ಬಂದ ಬಿಸಿಯೂಟದವರ ಪಕ್ಕಕ್ಕೇ ಕುಂತು, ಏಳದೆ ಇದ್ದದ್ದಕ್ಕೆ. ಅಷ್ಟು ಹೊತ್ತಿಗೆ ಆ ರೂಮಿನಲ್ಲಿ ಬೇರೆ ಬಾಡಿಗೆಯವರಿದ್ದರು.

ಬೇಸಿಗೆ ಶುರುವಾದಾಗ ಮುದ್ದೇಬಿಹಾಳ ಕೇಂದ್ರದ ಹುಡುಗಿ ಫೋನು ಮಾಡಿದಳು. ಆಸ್ಪತ್ರೆಗೆ ಬನ್ನಿ, ಕಸ್ತೂರಿ ಅಕ್ಕ ನಿಮ್ಮ ಹೆಸರು ಹೇಳಿದರು ಅಂದಳು. ಹೋದೆ. ಬಲಗೈಗೆ ಪಟ್ಟಿ ಹಾಕಿದ್ದರು, ದವಡೆ ಬಾತಿತ್ತು, ಮಾತಾಡಿದರೆ ನೋವು. ಮಗಳು ಮಂಚದ ಕೆಳಗೆ ಕುಂತಿದ್ದಳು, ಬಾ ಎಂದರೆ ಹೊರಗೆ ಬರಲಿಲ್ಲ. ಗಂಡ ಹೊರಗೆ ವರಾಂಡದಲ್ಲಿ ನಾಲ್ಕು ಜನರ ಜೊತೆ ನಿಂತು ಬೀಡಿ ಸೇದುತ್ತಿದ್ದ.

ಹೇಳಿಕೆ ಬರೆದುಕೊಳ್ಳಲು ಪೊಲೀಸರು ಬರುವುದಿತ್ತು. ನಾನು ಅವಳ ಎಡಗೈ ಹಿಡಿದು, ಇಂಥ ಹೊತ್ತಿನಲ್ಲಿ ಎಲ್ಲರಿಗೂ ಹೇಳುವುದನ್ನೇ ಹೇಳಿದೆ. "ಹೆದರಬ್ಯಾಡ ಯವ್ವಾ. ಖರೇ ಹೇಳು. ನಾ ಇಲ್ಲೇ ಇರ್ತೇನಿ."

"ಹೇಳ್ತೇನ್ರಿ" ಎಂದಳು ಕಸ್ತೂರಿ. ಮೆಲ್ಲಗೆ, ಒಂದೊಂದೇ ಮಾತು. "ಹೇಳಿ ಆಮ್ಯಾಲ ಎಲ್ಲಿಗೆ ಹೋಗ್ಲಿ? ಅದನ್ನಷ್ಟು ಹೇಳ್ರಿ ಆಪಾ."

ಈ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಅದಕ್ಕೆ ನನ್ನ ಬಾಯಲ್ಲಿ ಉತ್ತರ ಸಿದ್ಧವೇ ಇರುತ್ತಿತ್ತು. ದುಡಿದು ತಿನ್ನು, ನಿನ್ನ ಕಾಲ ಮೇಲೆ ನಿಲ್ಲು, ನಿನ್ನ ಹೆಸರಲ್ಲಿ ಒಂದು ಖೋಲಿ ಹಿಡಿ. ಕಸ್ತೂರಿ ಅದನ್ನೆಲ್ಲ ಒಂದೂ ಬಿಡದೆ ಮಾಡಿದ್ದಳು.

ಪೊಲೀಸರು ಬಂದರು. ಏನಾಯಿತಮ್ಮ ಎಂದು ಕೇಳಿದರು. ಬಡಿತ ತಿಂದು ಬಂದ ಹೆಂಗಸರು ಪೊಲೀಸರ ಮುಂದೆ ಹೇಳುವ ಮಾತು ಒಂದೇ, ಅದನ್ನು ಹೇಳಬೇಡಿ ಎಂದು ಊರೂರು ತಿರುಗಿ ಕಲಿಸಿದವಳು ಕಸ್ತೂರಿ.

"ಬಚ್ಚಲದಾಗ ಜಾರಿ ಬಿದ್ದೇನ್ರಿ" ಎಂದಳು.

ಅವರು ನನ್ನ ಕಡೆ ನೋಡಿದರು. ಹೌದೇನ್ರಿ ಎಂದರು. ನನ್ನ ಕೈ ಮಂಚದ ಬದಿಯ ನೀರಿನ ಗ್ಲಾಸನ್ನು ಕಸ್ತೂರಿಯ ಕಡೆ ಸರಿಸಿತು.